ಮರದ ಬುಡದಲ್ಲಿ ಸಿಕ್ಕದ್ದು

ಸವಿತಾ ಪರದೆ ಸರಿಸಿದಳು ನೋಡಿ, ಅಣ್ಣಿಗೇರಿಯ ಆ ಹೊಸ ಮನೆಯ ಪಡಸಾಲೆಯಲ್ಲಿ ಗಡಿಯಾರವೂ ಒಂದು ಗಳಿಗೆ ನಿಂತುಬಿಟ್ಟಿತು. ಗೋಡೆಯ ತುಂಬ ಮುರುಕು ಚಕ್ಕಡಿಯ ಗಾಲಿ, ತುಕ್ಕು ಹಿಡಿದ ಕುಡುಗೋಲು, ತೂತು ಬಿದ್ದ ಕೊಡ. ಅವುಗಳ ನಡುವೆ ಗುಬ್ಬಿಯ ಹಿಂಡಿನಂತೆ ಅಂಗೈಯಗಲದ ಬಣ್ಣದ ತೊಟ್ಟಿಲುಗಳು. ಮನೆಯ ಒಳಗನ್ನು ಅಲಂಕರಿಸಿ ಕೊಡುವವರು ಹುಬ್ಬಳ್ಳಿಯಲ್ಲಿ ಓಣಿಗೊಬ್ಬರಿದ್ದಾರೆ. ಆದರೆ ಬಿದ್ದ ಸಾಮಾನಿನಿಂದ ಗೋಡೆಗೆ ಜೀವ ತುಂಬುವವಳು ಮೂರು ಲೋಕಕ್ಕೂ ಇವಳೊಬ್ಬಳೇ. ಬಡಗಿ ನಿನ್ನೆ ಕೊಯ್ದ ಹಲಗೆಯನ್ನು ಇವಳು ಕೆರೆದು, ಉಜ್ಜಿ, ಚಹಾದ ನೀರು ಬಳಿದರೆ ಸಾಕು, ಪಾಂಡವರು ಊಟಕ್ಕೆ ಕೂತೆದ್ದ ಮಣೆಯೆಂದು ಜನ ಕೈಮುಗಿಯಬೇಕು.

ಮನೆಯ ಯಜಮಾನತಿ ಮೈಲಾರವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾ ತಿಪ್ಪಿಗಿ ಒಗದದ್ದನ್ನ ನೀ ಗ್ವಾಡಿಗಿ ಹಚ್ಚೀಯಲ್ಲ ತಂಗಿ" ಎಂದು, ನಗಬೇಕೋ ಬೈಯಬೇಕೋ ತಿಳಿಯದೆ ಒಳಗೆ ಹೋದಳು. ಸವಿತಾ ಹೋದಲ್ಲೆಲ್ಲ ಹೇಳುವ ಮಾತನ್ನೇ ಅವಳ ಬೆನ್ನಿಗೆ ಹೇಳಿದಳು: ಗೋಡೆಯ ಕೆಲಸಕ್ಕೆ ತಾನು ಯಾವುದನ್ನೂ ಕೊಳ್ಳುವುದಿಲ್ಲ, ಕೀಳುವುದಿಲ್ಲ, ಯಾರಿಗೂ ಬೇಡವಾಗಿ ಬಿದ್ದದ್ದನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಚಹಾ ತಂದ ಸೊಸೆ ರೇಷ್ಮಾ ಗೋಡೆ ನೋಡಿ ತಾಟು ಕೆಳಗಿಟ್ಟಳು. ಒಂದು ತೊಟ್ಟಿಲಿಗೆ ಹಸಿರು ಸೀರೆಯಂಚಿನ ಚೂರು ಗಂಟು ಹಾಕಿದಂತೆಯೇ ಇತ್ತು. ಬಣ್ಣ ಚೆಂದವೆಂದು ಸವಿತಾ ಅದನ್ನು ಬಿಚ್ಚದೆ ಬಿಟ್ಟಿದ್ದಳು.

"ಅಕ್ಕಾರ, ಇದೆಲ್ಲಿ ಸಿಕ್ತರಿ?"

"ತಂಬೂರದಾಗ. ದ್ಯಾಮವ್ವನ ಗುಡಿ ಹಿಂದ ಬೇವಿನ ಮರ ಐತೆಲ್ಲ, ಅಲ್ಲಿ."

ತಂಬೂರ ರೇಷ್ಮಾಳ ತವರು. ಮದುವೆಯಾಗಿ ವರ್ಷಗಳು ಉರುಳಿದರೂ ಮಡಿಲು ತುಂಬದಿದ್ದಾಗ, ಅತ್ತೆಗೂ ಹೇಳದೆ, ಮದುವೆಯ ಸೀರೆಯ ಅಂಚು ಹರಿದು ಆ ಮರಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊತ್ತವಳು ಅವಳೇ. ಅದನ್ನೆಲ್ಲ ಪಿಸುಮಾತಿನಲ್ಲಿ ಹೇಳಿ, ಕೊನೆಗೆ ಕೇಳಿದಳು:

"ತಾನ ಬಿದ್ದಿತ್ತೇನ್ರಿ? ತಾನ ಬಿದ್ದರ ಅವ್ವ ಹೂಂ ಅಂದಂಗ. ಯಾರರ ಕೈಹಚ್ಚಿ ಕಿತ್ತಿದ್ದರ ಹರಕಿ ಮುರದಂಗರಿ."

ಸವಿತಾಳ ಕಿವಿ ಎಷ್ಟು ಕಾದವೆಂದರೆ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಬಿದ್ದ ತೊಟ್ಟಿಲುಗಳನ್ನೆಲ್ಲ ಗೆದ್ದಲು ತಿಂದಿತ್ತು; ಕೊಂಬೆಯ ಮೇಲಿನವು ಮಾತ್ರ ಫಳಫಳ ಹೊಳೆಯುತ್ತಿದ್ದವು. ಏಣಿ ಹಾಕಿ ಹತ್ತಿ, ಕತ್ತರಿ ಹಿಡಿದು, ಪೇರಲ ಬಿಡಿಸಿದಂತೆ ಒಂದು ಚೀಲ ಇಳಿಸಿಕೊಂಡು ಬಂದಿದ್ದಳು. ಈಗ ಎದುರಿಗಿದ್ದವಳ ಮುಖ ನೋಡಲಾಗದೆ ಗಾಲಿಯ ಕಡೆ ನೋಡಿದಳು.

"ಬಿದ್ದಿತ್ತು. ಬುಡದಾಗ ಬಿದ್ದಿತ್ತು."

ರೇಷ್ಮಾ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಬಾಯಿಗೆ ಸಕ್ಕರೆ ಹಾಕದೆ ಕಳಿಸುವುದಿಲ್ಲವೆಂದು ಅತ್ತೆಯನ್ನು ಕೂಗುತ್ತ ಒಳಗೆ ಓಡಿದಳು. ಅಡುಗೆಮನೆಯಲ್ಲಿ ಡಬ್ಬಿಯೊಂದು ಉರುಳಿತು. ಮೈಲಾರವ್ವನ ಗಂಟಲು ಇಡೀ ಅಣ್ಣಿಗೇರಿಗೆ ಕೇಳಿಸಿತು: "ಮೊದಲ ದೀಪಾ ಹಚ್ಚ ಬೇ. ಆ ತೊಟ್ಟಲಾ ಇಳಿಸಿ ತಾ, ದೇವರ ಜಗಲಿ ಮ್ಯಾಲ ಇಡೂಣು."

ಹಸಿರು ಚೂರಿನ ತುದಿ ಕತ್ತರಿಯಾಡಿದಲ್ಲಿ ಗೆರೆ ಎಳೆದಷ್ಟು ನೇರವಾಗಿತ್ತು. ಸವಿತಾ ಗೋಡೆಗೆ ಮುಖಮಾಡಿ ನಿಂತಳು. ಉಗುರಿನಿಂದ ಒಂದೊಂದೇ ಎಳೆ ಬಿಡಿಸಿದಳು. ಉಗುಳು ಹಚ್ಚಿ, ಗಾಲಿಯ ಧೂಳಿನಲ್ಲಿ ಹೊಸೆದು, ಬಿಸಿಲಿಗೆ ಜೀರ್ಣವಾಗಿ ಗಾಳಿಗೆ ಹರಿದಂತೆ ಮಾಡಿದಳು. ಅಂಥ ಅಚ್ಚುಕಟ್ಟಾದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ತಿರುಗಿದಾಗ ರೇಷ್ಮಾ ಚಿಟಿಕೆಯಲ್ಲಿ ಸಕ್ಕರೆ ಹಿಡಿದು ನಿಂತಿದ್ದಳು. ಸವಿತಾ ಕಣ್ಣು ಮುಚ್ಚಿ ಬಾಯಿ ತೆರೆದಳು.