ಚಿದಂಬರನಿಗೆ ಬಾಕಿ ಉಳಿದದ್ದು

ಸುಮಿತ್ರಮ್ಮನ ಬುಟ್ಟಿಯಿಂದ ಹಸಿರು ಪಟ್ಟಿಯ ಹವಾಯಿ ಚಪ್ಪಲಿಯೊಂದು ಇಣುಕುತ್ತಿತ್ತು. ಅದನ್ನು ನೋಡಿದ್ದೇ ಗಣಪತಿ ಸಭೆಯ ಬಾಗಿಲಿಗೆ ಓಡಿದ.

ಗಣಪತಿ ಕೊಪ್ಪದ ಚಿದಂಬರ ಅಭಿಮಾನಿ ಸಂಘದ ಅಧ್ಯಕ್ಷ. ಕಿಗ್ಗದ ಚಿದಂಬರ ಅಂದರೆ ಟೀವಿ ಧಾರಾವಾಹಿಯ ದುಷ್ಟ ಮಾವ. ಸೊಸೆಗೆ ಅನ್ನ ಸಿಗದಂತೆ ಅಕ್ಕಿಡಬ್ಬಿಗೆ ಬೀಗ ಹಾಕಿ ನಾಡಿನ ಹೆಂಗಸರ ಹೊಟ್ಟೆ ಉರಿಸಿದ್ದ ನಟ. ಅವನು ತೀರಿಕೊಂಡ ಮೇಲೆ ಸಂಘ ಪ್ರತಿವರ್ಷ ಪುಣ್ಯತಿಥಿ ನಡೆಸುತ್ತಿತ್ತು. ಫೋಟೋಕ್ಕೆ ಹಾರ, ಎಲ್ಲರಿಗೂ ಪಾನಕ, ಸಿ.ಡಿ.ಯಲ್ಲಿ ಹಳೆಯ ಕಂತುಗಳು, ಕೊನೆಗೆ ಗಣಪತಿಯ ಮುಗಿಯದ ಭಾಷಣ. ಈ ಸಲ, 2007ರ ಪುಣ್ಯತಿಥಿಗೆ, ಚಿದಂಬರನ ಹೆಂಡತಿ ವಿಶಾಲಾಕ್ಷಿಯೇ ಬಂದಿದ್ದರು. ಗಂಡ ಎಲ್ಲಕ್ಕಿಂತ ಜೋಪಾನವಾಗಿಟ್ಟಿದ್ದ ಪ್ರಶಸ್ತಿಯನ್ನು ಸಂಘಕ್ಕೆ ಕೊಡುವವರಿದ್ದರು. ಬಟ್ಟೆ ಮುಚ್ಚಿದ ಗಾಜಿನ ಪೆಟ್ಟಿಗೆ ವೇದಿಕೆಯ ಮೇಲಿತ್ತು.

"ನಮ್ಮೂರಿನ ಜನ ಅವರನ್ನ ತಲೆ ಮೇಲೆ ಹೊತ್ತು ಮೆರೆಸಿದಾರೆ ಅಮ್ಮಾ" ಎಂದು ಗಣಪತಿ ಅವರಿಗೆ ಹೇಳಿಯಾಗಿತ್ತು. ಒಂದು ಸಂಗತಿಯನ್ನು ಮಾತ್ರ ನುಂಗಿಕೊಂಡಿದ್ದ. ಆ ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ ಇದೇ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ, "ಆ ಕೂಸಿಗೆ ಅನ್ನ ಹಾಕೋ ಪಾಪಿ!" ಎಂದು ಕಿರುಚಿ ಹರಿಹರಪುರದ ಸುಮಿತ್ರಮ್ಮ ಚಿದಂಬರನ ಮುಖಕ್ಕೇ ಚಪ್ಪಲಿ ಎಸೆದಿದ್ದಳು. ಆಮೇಲೆ ಎಷ್ಟು ಹುಡುಕಿದರೂ ಅದು ಸಿಗದೆ, ಬಲಗಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದ್ದಳು.

ಗಣಪತಿ ಬಾಗಿಲಿಗೆ ಅಡ್ಡ ನಿಂತ. "ಸುಮಿತ್ರಕ್ಕ, ಸತ್ತವರ ಮೇಲೆ ಎಂತ ಸಿಟ್ಟು ಮಾರಾಯ್ರೆ? ಆ ಬುಟ್ಟಿ ಇಲ್ಲಿ ಕೊಡಿ."

"ಬಿಡು ಮಾರಾಯ. ಅವತ್ತು ಒಂದೇ ಕೊಟ್ಟಿದ್ದೆ. ಇನ್ನೊಂದು ಉಳಿದಿದೆ. ಕೊಟ್ಟೇ ಹೋಗೋದು."

"ಅವರ ಹೆಂಡ್ತಿ ಕೂತಿದಾರೆ!"

"ಅವರ ಎದುರಿಗೇ ಕೊಡ್ಬೇಕು."

ರೇಷ್ಮೆ ಸೀರೆ ಉಟ್ಟು, ಮುಡಿತುಂಬ ಮಲ್ಲಿಗೆ ಮುಡಿದು ಜಗಳಕ್ಕೆ ಬಂದವಳನ್ನು ಗಣಪತಿ ಹಿಂದೆಂದೂ ಕಂಡಿರಲಿಲ್ಲ. ಅವನು ಬುಟ್ಟಿಗೆ ಕೈಹಾಕುವಷ್ಟರಲ್ಲಿ ಸುಮಿತ್ರಮ್ಮ ಅವನ ಕಂಕುಳಡಿ ನುಸುಳಿ ವೇದಿಕೆ ಹತ್ತಿಯಾಗಿತ್ತು. ಚಪ್ಪಲಿ ಕೈಗೆ ಬಂತು. ಸಭೆ ಹೋ ಎಂದಿತು. ಸಂಘದ ಮರ್ಯಾದೆ ಮಣ್ಣುಪಾಲಾಯಿತೆಂದು ಗಣಪತಿ ಕಣ್ಣು ಮುಚ್ಚಿಕೊಂಡ.

ಏಟಿನ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟರೆ ವಿಶಾಲಾಕ್ಷಿ ಎದ್ದು ನಿಂತು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು. "ಫೋನಲ್ಲಿ ಕೇಳಿದ್ದಕ್ಕೆ ಮರೀದೆ ತಂದ್ರಲ್ಲ, ಬನ್ನಿ" ಎನ್ನುತ್ತ ಪೆಟ್ಟಿಗೆಯ ಬಟ್ಟೆ ಎಳೆದರು.

ಗಾಜಿನೊಳಗೆ, ಕೆಂಪು ಮಖಮಲ್ಲಿನ ಮೇಲೆ, ಹಸಿರು ಪಟ್ಟಿಯ ಎಡಗಾಲಿನ ಚಪ್ಪಲಿ ಇತ್ತು.