ಸೈರನ್ ಚಹಾ

ಸೈರನ್ ಕೂಗಿತು. ಇಷ್‌ಬೆಲ್ ಎದ್ದು ಚಹಾಕ್ಕೆ ನೀರಿಟ್ಟಳು.

ಎದುರುಮನೆಯ ಎಫೀ ಸ್ಕೋನ್ ಎಂಬ ಮೆತ್ತನೆಯ ರೊಟ್ಟಿಗಳ ತಟ್ಟೆ ಹಿಡಿದು, ಬಾಗಿಲು ತಟ್ಟುವ ಗೊಡವೆಗೆ ಹೋಗದೆ ಒಳಗೆ ಬಂದಳು. ಕೊಲ್ಲಿಯ ಆಚೆ ದಡಕ್ಕೆ ಅಣುಶಕ್ತಿಯ ಜಲಾಂತರ್ಗಾಮಿಗಳು ಬಂದಾಗಿನಿಂದ ಸ್ಕಾಟ್ಲೆಂಡಿನ ಆ ಪುಟ್ಟ ಊರಿಗೆ ಇದೊಂದು ಪದ್ಧತಿ. ಪ್ರತಿ ಸೋಮವಾರ ಮಧ್ಯಾಹ್ನ ನೌಕಾನೆಲೆಯವರು ಸೈರನ್ ಸರಿಯಿದೆಯೇ ಎಂದು ಕೂಗಿಸಿ ನೋಡುತ್ತಾರೆ. ಊರಿನವರು ಚಹಾ ಕುಡಿಯುತ್ತಾರೆ.

"ಮೊದಲನೇ ಸಲ ಕೂಗಿದ್ದು ನೆನಪಿದೆಯೇನೇ?" ಎಫೀ ಬೆಣ್ಣೆ ಸವರುತ್ತ ಕೇಳಿದಳು.

"ಮರೆಯೋಕಾಗುತ್ತಾ? ತಲೇಲಿ ಕೂದಲು ಸುರುಳಿ ಮಾಡೋ ಕರ್ಲರು, ಕೈಯಲ್ಲಿ ಬಾಣಲೆ, ಹಾಗೇ ಗುಡ್ಡ ಹತ್ತಿದ್ದೆಯಲ್ಲೇ ಮಾರಾಯ್ತಿ!"

"ನೀನೇನು ಕಮ್ಮಿ? ಮಗು ಅಂತ ದಿಂಬು ಎತ್ಕೊಂಡು ಓಡಿದವಳು! ಪುಣ್ಯಕ್ಕೆ ನಿನ್ನ ಗಂಡ ಮರ್ಡೊ ಕೂಸನ್ನ ಕೋಟಲ್ಲಿ ಸುತ್ಕೊಂಡು ಹಿಂದೇನೇ ಬಂದ."

ಇಷ್‌ಬೆಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬರೀ ಪರೀಕ್ಷೆಯಂತೆ ಎಂದು ತಿಳಿದ ಮೇಲೂ ಯಾರೂ ಇಳಿದಿರಲಿಲ್ಲ. ಇಡೀ ಊರು ಆ ಗುಡ್ಡದ ಮೇಲೆ ಸಂಜೆಯವರೆಗೆ ಕೂತು ಹಾಡಿತ್ತು. ಮರ್ಡೊ ತೀರಿಕೊಂಡು ವರ್ಷಗಳೇ ಆದವು. ಅವಳಿಗೆ ಅವನೂ ಬೇಕೆನಿಸಿತು, ಪ್ರಾಣಕ್ಕೆ ಹೆದರಿ ಒಟ್ಟಾಗಿ ಓಡುತ್ತಿದ್ದ ಆ ಊರೂ ಬೇಕೆನಿಸಿತು.

ಹೊರಗೆ ಮೀನಿನ ವ್ಯಾನು ಪೋಂ ಪೋಂ ಎಂದಿತು.

ಎಫೀಯ ಕೈ ನಿಂತಿತು. "ಅಲ್ವೇ, ಮೀನಿನವನು ಬರೋದು ಗುರುವಾರ ಅಲ್ವಾ?"

"ಅಯ್ಯೋ ದೇವರೇ! ಇವತ್ತು ಸೋಮವಾರ ಅಲ್ಲ ಕಣೇ! ಕಿಟಕಿ ಮುಚ್ಚು, ಕಿಟಕಿ!"

ಇಷ್‌ಬೆಲ್ ಕುರ್ಚಿ ಹತ್ತಿ ಅಟ್ಟದ ಬಿಸ್ಕೀಟಿನ ಡಬ್ಬಿ ಎಳೆದಳು. ವಿಕಿರಣ ಸೋರಿದರೆ ನುಂಗಲು ಕೊಟ್ಟಿದ್ದ ಅಯೋಡಿನ್ ಮಾತ್ರೆಗಳು ಅದರಲ್ಲಿದ್ದವು. ಮುಚ್ಚಳ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಬಿಡಲಿಲ್ಲ. ಇಬ್ಬರೂ ಚಮಚ, ಚಾಕು ಹಾಕಿ ಮೀಟುತ್ತಿರುವಾಗಲೇ ಪೊಲೀಸ್ ಜೀಪಿನ ಧ್ವನಿವರ್ಧಕ ಕೂಗುತ್ತ ಹೋಯಿತು: ತಂತಿ ಕೆಟ್ಟು ಸೈರನ್ ತಾನಾಗಿ ಕೂಗಿದೆ, ಗಾಬರಿ ಬೇಡ.

"ಸದ್ಯ, ಬದುಕಿದೆವು!" ಎಫೀ ಕುಸಿದು ಕೂತಳು. "ಪಾಪ, ಊರವರೆಲ್ಲ ಗುಡ್ಡ ಹತ್ತಿರ್ತಾರೆ. ಇಳಿದು ಬನ್ನಿ ಅಂತ ಕರಿ ಹೋಗೇ."

ಇಷ್‌ಬೆಲ್ ಬಾಗಿಲು ತೆರೆದು ನೋಡಿದಳು. ಗುಡ್ಡದ ದಾರಿಯಲ್ಲಿ ಕುರಿಗಳು ಮಾತ್ರ ಮೇಯುತ್ತಿದ್ದವು. ಬೀದಿಯುದ್ದಕ್ಕೂ, ಒಂದೊಂದು ಮನೆಯ ಅಡುಗೆಮನೆಯ ಕಿಟಕಿಯೂ ಚಹಾ ನೀರಿನ ಹಬೆಗೆ ಮಂಜಾಗಿತ್ತು.