ಸಾಯದ ಗಣ್ಯರು

“ನಮ್ಮ ಒಡೆಯರು ನಾನಾ ಅವರ ಹೆಸರೇ ಇಲ್ಲವಲ್ಲ!” ಎಂದು ಅರಮನೆಯ ವಕ್ತಾರ ಜಾಂಫಿ ತಮ್ಮ ಬಂಗಾರದ ತುದಿಯ ಕೋಲನ್ನು ನೆಲಕ್ಕೆ ಕುಟ್ಟಿದರು. ವರ್ಷದ ಕೊನೆಯ ದಿನ. ಆ ವರ್ಷ ತೀರಿಕೊಂಡ ಗಣ್ಯರನ್ನು ನೆನೆಯುವ ಕಾರ್ಯಕ್ರಮ ಊರಿನ ರೇಡಿಯೋದಲ್ಲಿ ಸಂಜೆ ಶುರುವಾಗಬೇಕಿತ್ತು. ನಿರೂಪಕಿ ಸೆರ್ವಾ ಓದಬೇಕಾದ ಹೆಸರುಗಳನ್ನು ಜಾಂಫಿ ಆಗಷ್ಟೇ ಕೇಳಿಸಿಕೊಂಡಿದ್ದರು.

“ಫುಟ್‌ಬಾಲ್ ರೆಫರಿ ಇದಾನೆ, ಡೋಲು ಬಾರಿಸ್ತಿದ್ದ ಆ ಕುಡುಕ ಇದಾನೆ. ಊರಿಗೇ ಒಡೆಯರು, ಅವರಿಲ್ವಾ?”

“ತಾತ, ಇದು ತೀರಿಕೊಂಡವರ ಕಾರ್ಯಕ್ರಮ.”

“ಗೊತ್ತಮ್ಮ, ಅದಕ್ಕೇ ಬಂದೆ.”

“ಹಾಗಾದ್ರೆ ನಾನಾ ತೀರಿಕೊಂಡ್ರಾ?”

ಜಾಂಫಿ ಎರಡೂ ಕಿವಿ ಮುಚ್ಚಿಕೊಂಡರು. “ಛೀ, ಬಾಯಿ ತೊಳ್ಕೊ! ಯಾರೇ ಹೇಳಿದ್ದು ನಿಂಗೆ? ಸ್ವಲ್ಪ ಮೈಗೆ ಹುಷಾರಿಲ್ಲ, ಅಷ್ಟೆ.”

ನಾನಾಗೆ ಹುಷಾರಿಲ್ಲದೆ ಐದು ತಿಂಗಳಾಗಿತ್ತು. ಅರಮನೆಯ ಹೆಂಗಸರು ಸಾವಿನ ಮನೆಯವರಂತೆ ತಲೆ ಬೋಳಿಸಿಕೊಂಡಿದ್ದನ್ನು ಊರೆಲ್ಲ ಕಂಡಿತ್ತು. ಆದರೆ ಒಡೆಯರು ಹೋದರು ಎಂದು ಅರಮನೆಯೇ ಡಂಗುರ ಹೊಡೆಸುವವರೆಗೆ ಬೇರೆಯವರು ಆ ಮಾತು ಎತ್ತುವಂತಿಲ್ಲ. ಮುಂದಿನ ಒಡೆಯ ಯಾರೆಂಬ ಜಗಳ ಮುಗಿಯದೆ ಅರಮನೆ ಡಂಗುರ ಹೊಡೆಸುವುದಿಲ್ಲ. ಸಂತೆಯಲ್ಲಿ ಬಾಯಿತಪ್ಪಿ ‘ಪಾಪ, ನಾನಾ ಒಳ್ಳೆಯವರಿದ್ದರು’ ಎಂದ ಮೀನಿನವಳು ಅರಮನೆಗೆ ಕುರಿ ದಂಡ ಕೊಟ್ಟು ಕಾಲಿಗೆ ಬಿದ್ದು ಬಂದಿದ್ದಳು.

ರೇಡಿಯೋದ ಮಾಲೀಕ ಸಾರ್ಪಾಂಗ್ ಸೆರ್ವಾಳನ್ನು ಪಕ್ಕಕ್ಕೆ ಕರೆದ. ಅವನ ಪ್ರಸಾರದ ಗೋಪುರ ನಿಂತಿದ್ದುದು ಅರಮನೆಯ ಜಾಗದಲ್ಲಿ. “ನಾನಾ ಹೆಸರು ಬರಲೇಬೇಕು. ಆದರೆ ಸತ್ತರು ಅಂತ ಬರಬಾರದು. ಏನಾದ್ರೂ ಎಡವಟ್ಟಾಯ್ತೋ, ನಾಳೆಯಿಂದ ನೀನು ಇತ್ತ ಬರಬೇಡ.”

ಈ ಕೆಲಸ ಹೋದರೆ ಸೆರ್ವಾ ಮತ್ತೆ ಬಸ್ ನಿಲ್ದಾಣದಲ್ಲಿ ಅಮ್ಮನ ಜೊತೆ ಕೂತು ಕೆಂಕೆ ಎಂಬ ಮೆಕ್ಕೆಜೋಳದ ಹಿಟ್ಟಿನ ಉಂಡೆ ಮಾರಬೇಕು. ಅವಳು ಒಂದು ಉಪಾಯ ಹೇಳಿದಳು: “ಸತ್ತವರದ್ದೆಲ್ಲ ಮುಗಿದ ಮೇಲೆ, ‘ನಮ್ಮ ಪುಣ್ಯಕ್ಕೆ ಈ ವರ್ಷ ಸಾಯದೆ ಉಳಿದ ಗಣ್ಯರು’ ಅಂತ ನಾನಾ ಹೆಸರು ಓದ್ತೀನಿ.”

ಜಾಂಫಿಗೆ ಬಹಳ ಹಿಡಿಸಿತು. ಸಾರ್ಪಾಂಗನಿಗೆ ಇನ್ನೂ ಹೆಚ್ಚು ಹಿಡಿಸಿತು. “ಒಬ್ಬರದೇ ಹೆಸರು ಅಂದ್ರೆ ಬಿಕೋ ಅನ್ನುತ್ತೆ. ಜೊತೆಗೆ ನಂದೂ ಸೇರಿಸು.”

“ಬೇಡ ಬಾಸ್.”

“ಯಾಕೆ? ನಾನೇನು ಗಣ್ಯ ಅಲ್ವಾ?”

ಸೆರ್ವಾ ಪಟ್ಟಿಯ ಕೊನೆಗೆ ಅವನ ಹೆಸರನ್ನೂ ಬರೆದುಕೊಂಡಳು. ಸಂಜೆ ಶೋಕದ ಡೋಲಿನ ಸದ್ದಿನ ನಡುವೆ ಸೆರ್ವಾ ಗದ್ಗದ ದನಿಯಲ್ಲಿ ಓದಿದಳು. ನಾನಾ ಸತ್ತಿಲ್ಲ, ನೂರು ವರ್ಷ ಬಾಳಲಿ ಎಂದಳು. ಮಾನ್ಯ ಸಾರ್ಪಾಂಗ್ ಅವರೂ ಸತ್ತಿಲ್ಲ ಎಂದಳು. ‘ಸತ್ತಿಲ್ಲ’ ಎಂದರೆ ಏನರ್ಥ ಎಂದು ತಿಳಿಯದಷ್ಟು ಊರಿನವರು ದಡ್ಡರಲ್ಲ. ‘ಅಯ್ಯೋ, ಸಾರ್ಪಾಂಗೂನಾ?’ ಎಂದು ಟೋಪಿ ತೆಗೆದರು.

ಹೊಸ ವರ್ಷದ ಬೆಳಗ್ಗೆ ಸಾರ್ಪಾಂಗ್ ಕಣ್ಣುಜ್ಜಿಕೊಂಡು ಹೊರಗೆ ಬಂದರೆ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಶೋಕದ ಕೆಂಪು ಕಪ್ಪು ಬಟ್ಟೆ ಉಟ್ಟ ಹೆಂಗಸರು ಪ್ಲಾಸ್ಟಿಕ್ ಕುರ್ಚಿ ತುಂಬಿ ಅಳುತ್ತಿದ್ದರು. ನಡುವೆ ಅವನ ಸೋದರಮಾವ ಯೆಬೋವಾ, ಆ ಕುಟುಂಬದ ಹಿರಿಯ, ಬಂದವರ ಕೈ ಕುಲುಕುತ್ತ ಅವರು ಸಂತಾಪಕ್ಕೆಂದು ತಂದ ಮದ್ಯದ ಬಾಟಲಿಗಳನ್ನು ಕಾಲ ಬಳಿ ಸಾಲಾಗಿ ಇಡಿಸಿಕೊಳ್ಳುತ್ತಿದ್ದ. ಇಷ್ಟು ವರ್ಷದಲ್ಲಿ ಇವರಲ್ಲಿ ಒಬ್ಬರೂ ಆ ಮನೆಗೆ ಒಂದು ಬಾಳೆಹಣ್ಣು ತಂದವರಲ್ಲ.

“ಮಾವ, ನಾನು ಬದುಕಿದೀನಿ!”

ಯೆಬೋವಾ ಅಳಿಯನ ಕೆನ್ನೆ ಮುಟ್ಟಿ ನೋಡಿದ. ಅವನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. “ದೇವರು ದೊಡ್ಡವನು ಕಣಪ್ಪ,” ಎಂದವನು ತಕ್ಷಣ ದನಿ ತಗ್ಗಿಸಿದ. “ಒಳಗೆ ನಡಿ, ಒಳಗೆ ನಡಿ. ಎಂ.ಪಿ. ಸಾಹೇಬ್ರು ಅಷ್ಟು ದೂರದಿಂದ ಹೊರಟಿದಾರೆ. ಈ ಚಡ್ಡೀಲಿ ನಿನ್ನ ನೋಡಿದ್ರೆ ಏನು ಅಂದ್ಕೋತಾರೆ?” ಎಂದು ಒಳಗೆ ತಳ್ಳಿ ಬಾಗಿಲು ಎಳೆದುಕೊಂಡ.

ಸಾರ್ಪಾಂಗ್ ರೇಡಿಯೋಗೆ ಫೋನ್ ಮಾಡಿ ಕೂಗಾಡಿದ. ಸೆರ್ವಾ ಹಾಡು ನಿಲ್ಲಿಸಿ, ಸಾರ್ಪಾಂಗ್ ಅವರು ಖಂಡಿತವಾಗಿಯೂ ಸತ್ತಿಲ್ಲ ಎಂದು ಎರಡೆರಡು ಸಲ ಸಾರಿದಳು. ಅರ್ಧ ಗಂಟೆಯಲ್ಲಿ ಜನ ಇಮ್ಮಡಿಯಾದರು. ಗೇಟಿನ ಹೊರಗೆ ಕೆಂಕೆ, ಹುರಿದ ಮೀನು ಮಾರುವವರೂ ಬಂದು ಕೂತರು. ಅಂಗಳದಲ್ಲಿ ಒಬ್ಬ ಕಂಟ್ರಾಕ್ಟರ್ ಎದ್ದು ನಿಂತು, ಸಾರ್ಪಾಂಗನಂಥ ಧಾರಾಳಿ ಈ ಊರಿನಲ್ಲಿ ಹುಟ್ಟಿರಲಿಲ್ಲ ಎಂದು ಮಾತು ಶುರು ಮಾಡಿದ. ಸಾರ್ಪಾಂಗ್ ಕಿಟಕಿಯ ಸಂದಿಗೆ ಕಿವಿ ಹಚ್ಚಿ ಅದನ್ನು ಪೂರ್ತಿ ಕೇಳಿದ. ಚಪ್ಪಾಳೆಯೂ ಮುಗಿದ ಮೇಲೆ ಅವನಿಗೆ ಮತ್ತೆ ಸಿಟ್ಟು ನೆನಪಾಯಿತು. ಪುನಃ ಫೋನ್ ಮಾಡಿದ.

“ಎಲ್ಲಾ ನಿನ್ನಿಂದಲೇ! ಇವತ್ತಿಂದ ನಿನ್ನ ಕೆಲಸ ಹೋಯ್ತು, ತಿಳೀತಾ?”

ಅವನ ಫೋನಿನಲ್ಲಿ ಹೆಂಗಸರ ಅಳು ಸೆರ್ವಾಳಿಗೂ ಚೆನ್ನಾಗಿ ಕೇಳಿಸುತ್ತಿತ್ತು.

“ಆಗಲಿ ಬಾಸ್,” ಎಂದಳು. “ಮೊದಲು ನಿಮ್ಮ ಮನೆಯ ಹಿರಿಯರು, ನಿಮ್ಮ ಸೋದರಮಾವ ಬಂದು, ನೀವು ಬದುಕಿದ್ದೀರಿ ಅಂತ ಒಂದು ಮಾತು ಹೇಳಲಿ. ಅಲ್ಲೀತನಕ ಸತ್ತವರ ಮಾತು ಕೇಳಿ ನಾನು ಹೇಗೆ ಕೆಲಸ ಬಿಡಲಿ?”